ಮುಖ್ಯ ಪಾತ್ರಧಾರಿ ಹೋದ ಮೇಲೆ ಕಾಮಿಡಿ ಸೀರಿಯಲ್ ಯಾಕೆ ಸೊರಗುತ್ತೆ?

ಹಾಸ್ಟೆಲ್‌ನಲ್ಲಿ ಸೆಮಿಸ್ಟರಿಗೆ ಒಂದು ಸಲವಾದರೂ ಆಗುವ ವಾದ ಇದು. ಯಾರೋ ಒಬ್ಬರು ಲ್ಯಾಪ್‌ಟಾಪ್‌ನಲ್ಲಿ ‘ದಿ ಆಫೀಸ್’ ನೋಡ್ತಾ ಇರ್ತಾರೆ. ಏಳನೇ ಸೀಸನ್ ಮುಗಿಯೋ ಹೊತ್ತಿಗೆ ಪಕ್ಕದ ರೂಮಿನವನು ಬಂದು, "ಇಲ್ಲಿಗೆ ನಿಲ್ಸಿಬಿಡಲೇ, ಮುಂದೆ ನೋಡಬ್ಯಾಡ" ಅಂತಾನೆ. ಯಾಕೆ ಅಂದರೆ, "ಮೈಕಲ್ ಇಲ್ಲ" ಅನ್ನೋದೇ ಉತ್ತರ. ರಜೆಗೆ ಮನೆಗೆ ಹೋದರೆ ಅದೇ ಮಾತನ್ನು ಮನೆಯವರು ‘ಮಜಾ ಟಾಕೀಸ್’ ಬಗ್ಗೆ ಹೇಳ್ತಾರೆ: "ವರಲಕ್ಷ್ಮಿ ಇಲ್ಲದ ಮೇಲೆ ಏನೈತಿ ಅದ್ರಾಗ."

ಈ ಮಾತು ನಿಜ ಅಂತ ನಮಗೂ ಅನ್ನಿಸುತ್ತೆ. ಆದರೆ ಅದಕ್ಕೆ ಎಲ್ಲರೂ ಕೊಡುವ ಕಾರಣ ನಮಗೆ ಸಾಕಾಗಲಿಲ್ಲ. "ಅಷ್ಟು ಒಳ್ಳೆಯ ಆಕ್ಟರ್ ಮತ್ತೆ ಸಿಗಲಿಲ್ಲ" ಅನ್ನೋದು ಆ ಕಾರಣ. ಸಿಕ್ಕಿದ್ದರಲ್ಲ! ಸ್ಟೀವ್ ಕರೆಲ್ 2011ರ ಏಪ್ರಿಲ್‌ನಲ್ಲಿ ‘ದಿ ಆಫೀಸ್’ ಬಿಟ್ಟ ಮೇಲೆ ಬಂದವರಲ್ಲಿ ಒಬ್ಬರು ಜೇಮ್ಸ್ ಸ್ಪೇಡರ್. ಅವರ ಹತ್ತಿರ ಆಗಲೇ 3 ಎಮ್ಮಿ ಪ್ರಶಸ್ತಿ ಇದ್ದವು. ಅದಕ್ಕೂ ಮುಂಚೆ ನಾಲ್ಕಾರು ಎಪಿಸೋಡಿಗೆ ಬಂದು ಹೋದ ವಿಲ್ ಫೆರೆಲ್ ಹಾಲಿವುಡ್‌ನ ದೊಡ್ಡ ಕಾಮಿಡಿ ಸ್ಟಾರ್. ಪ್ರತಿಭೆಗೆ ಕೊರತೆ ಇರಲಿಲ್ಲ, ದುಡ್ಡಿಗೂ ಇರಲಿಲ್ಲ. ಆದರೂ ಉಳಿದ ಎರಡು ಸೀಸನ್ ಹೇಗೋ ಎಳೆದುಕೊಂಡು ಹೋಗಿ 2013ರ ಮೇ ತಿಂಗಳಲ್ಲಿ ಮುಗಿಸಬೇಕಾಯ್ತು.

ಹಾಗಾದರೆ ಹೋಗಿದ್ದು ಏನು? ನಟ ಹೋದಾಗ ಅವರ ಜೊತೆ ಸೀರಿಯಲ್‌ನ ಯಾವ ಭಾಗ ಹೋಗುತ್ತೆ? ಇದನ್ನು ನಮಗೆ ಗೊತ್ತಿರೋ ಭಾಷೆಯಲ್ಲಿ, ಅಂದರೆ ಅರ್ಧ ಕನ್ನಡ ಅರ್ಧ ಎಂಜಿನಿಯರಿಂಗಿನಲ್ಲಿ, ಬಿಚ್ಚಿ ನೋಡೋಣ. (ಈ ಪ್ರಶ್ನೆ ನಮ್ಮ ಕ್ಲಬ್ಬಿಗೆ ಈಗ ಯಾಕೆ ಅರ್ಜೆಂಟು ಅನ್ನೋದನ್ನು ಆಮೇಲೆ ಹೇಳ್ತೀವಿ.)

ತೊಂದರೆ ಮಾಡುವವನು ಒಬ್ಬ, ಮುಖ ನೋಡಿಕೊಳ್ಳುವವರು ಹತ್ತು ಜನ

ಸಿಟ್‌ಕಾಮ್ ಅನ್ನೋ ಪದದಲ್ಲೇ ಸಿಚುಯೇಶನ್ ಇದೆ. ಸನ್ನಿವೇಶದಿಂದ ಹುಟ್ಟುವ ನಗು. ಆದರೆ ಸನ್ನಿವೇಶ ತಾನಾಗಿ ಹುಟ್ಟಲ್ಲ, ಯಾರೋ ಹುಟ್ಟಿಸಬೇಕು. ಡಂಡರ್ ಮಿಫ್ಲಿನ್ ಅನ್ನೋ ಪೇಪರ್ ಮಾರುವ ಕಂಪನಿಯಲ್ಲಿ ಏನು ನಡೆಯುತ್ತೆ ಹೇಳಿ? ಏನೂ ಇಲ್ಲ. ಜನ ಬರ್ತಾರೆ, ಫೋನ್ ಮಾಡ್ತಾರೆ, ಹೋಗ್ತಾರೆ. ಅಲ್ಲಿ ಏನಾದರೂ ನಡೆಯಬೇಕಾದರೆ ಮೈಕಲ್ ಸ್ಕಾಟ್ ತನ್ನ ಕಾಲನ್ನು ತಾನೇ ಗ್ರಿಲ್ ಮೇಲೆ ಸುಟ್ಟುಕೊಂಡು ಇಡೀ ಆಫೀಸು ತನ್ನ ಸೇವೆಗೆ ನಿಲ್ಲಬೇಕು ಅಂತ ಹಟ ಮಾಡಬೇಕು. ಆಗ ಜಿಮ್ ಕ್ಯಾಮೆರಾ ಕಡೆ ತಿರುಗಿ ಒಂದು ನೋಟ ಹಾಕ್ತಾನೆ, ಪ್ಯಾಮ್ ತುಟಿ ಕಚ್ಚಿಕೊಳ್ತಾಳೆ, ಡ್ವೈಟ್ ಮಾತ್ರ ಗಂಭೀರವಾಗಿ ಸಹಾಯಕ್ಕೆ ಓಡ್ತಾನೆ.

ಇಲ್ಲಿ ಗಮನಿಸಬೇಕಾದ್ದು ಇದು. ಆ ಮೂವರೂ ನಗಿಸ್ತಾರೆ, ಆದರೆ ಮೂವರೂ ಮಾಡುತ್ತಿರೋದು ಪ್ರತಿಕ್ರಿಯೆ. ನ್ಯೂಟನ್ನನ ಮೂರನೇ ನಿಯಮದಲ್ಲಿ ಕ್ರಿಯೆ ಇಲ್ಲದೆ ಪ್ರತಿಕ್ರಿಯೆ ಇಲ್ಲ, ಸಿಟ್‌ಕಾಮ್‌ನಲ್ಲೂ ಅಷ್ಟೆ. ಮೈಕಲ್ ಹೋದ ಮೇಲೆ ಜಿಮ್‌ನ ಆ ನೋಟ ಹಾಗೇ ಇತ್ತು. ಆದರೆ ಅದು ಯಾವುದರ ಕಡೆಗೆ ನೋಡಬೇಕು ಅನ್ನೋದು ಹೋಗಿತ್ತು.

ಬರಹಗಾರರಿಗೆ ಇದು ಗೊತ್ತಾಗಲಿಲ್ಲ ಅಂತಲ್ಲ. ಅದಕ್ಕೇ ಅವರು ಆಂಡಿಯನ್ನು ಮ್ಯಾನೇಜರ್ ಮಾಡಿದರು. ಆಂಡಿ ಅದಕ್ಕೂ ಮುಂಚೆಯೇ ಇದ್ದ ಸೈಡ್ ಪಾತ್ರ, ಹಾಡ್ತಾ ಕೂಗಾಡ್ತಾ ಎಪಿಸೋಡಿಗೆ ಎರಡು-ಮೂರು ನಿಮಿಷ ಚೆನ್ನಾಗೇ ನಗಿಸ್ತಿದ್ದ. ಅವನಿಗೆ ಇಪ್ಪತ್ತು ನಿಮಿಷ ಕೊಟ್ಟರು. ಎರಡು ನಿಮಿಷಕ್ಕೆ ಉಪ್ಪಿನಕಾಯಿ ಆಗಿದ್ದವನನ್ನು ಅನ್ನದ ಜಾಗಕ್ಕೆ ಬಡಿಸಿದ ಹಾಗಾಯ್ತು. ಕೊನೆಯ ಸೀಸನ್‌ನಲ್ಲಿ ಅವನನ್ನೇ ದೋಣಿ ಹತ್ತಿಸಿ ಎಷ್ಟೋ ಎಪಿಸೋಡ್ ಆಚೆ ಕಳಿಸಿಬಿಟ್ಟರು.

ಒಂದು ಅಡ್ಡಮಾತು: ಇದರ ಮೂಲ, ಬ್ರಿಟನ್ನಿನ ‘ದಿ ಆಫೀಸ್’, ಎರಡೇ ಸೀಸನ್, ಒಟ್ಟು 12 ಎಪಿಸೋಡ್, ಆಮೇಲೊಂದು ಕ್ರಿಸ್‌ಮಸ್ ಸ್ಪೆಷಲ್. ಅಷ್ಟಕ್ಕೇ ಮುಗಿಸಿದರು. ರಿಕಿ ಜರ್ವೇಸ್ ಇಲ್ಲದ ಎಪಿಸೋಡ್ ಹೇಗಿರುತ್ತೆ ಅಂತ ನೋಡುವ ಕಷ್ಟವನ್ನು ನಮಗೆ ಕೊಡಲೇ ಇಲ್ಲ.

ಟ್ರಸ್ಸಿನ ಲೆಕ್ಕ

ಸಿವಿಲ್‌ನವರು ಸ್ವಲ್ಪ ಸಹಿಸಿಕೊಳ್ಳಿ, ಸಿಎಸ್‌ನವರು ಸ್ವಲ್ಪ ಗಮನ ಕೊಡಿ.

ಸಮತಲದ ಒಂದು ಟ್ರಸ್ ತನ್ನಷ್ಟಕ್ಕೆ ಆಕಾರ ಕೆಡದೆ ನಿಲ್ಲಬೇಕಾದರೆ ಎಷ್ಟು ಸದಸ್ಯಗಳು ಬೇಕು ಅನ್ನೋದಕ್ಕೆ ಸರಳ ಲೆಕ್ಕ ಇದೆ: ಕೀಲುಗಳ ಸಂಖ್ಯೆಯನ್ನು ಎರಡರಿಂದ ಗುಣಿಸಿ, 3 ಕಳೆಯಿರಿ. ತ್ರಿಕೋನಕ್ಕೆ 3 ಕೀಲು, ಬೇಕಾದ್ದು 3 ಸದಸ್ಯ, ಇರೋದೂ 3. ಒಂದನ್ನು ತೆಗೆದರೆ ಕುಸಿಯುತ್ತೆ. ಇದು ಡಿಟರ್ಮಿನೇಟ್. ಚೌಕಕ್ಕೆ ಎರಡೂ ಕರ್ಣ ಹಾಕಿದರೆ 4 ಕೀಲು, ಬೇಕಾದ್ದು 5 ಸದಸ್ಯ, ಇರೋದು 6. ಒಂದು ಹೆಚ್ಚುವರಿ. ಇದರಲ್ಲಿ ಒಂದನ್ನು ತೆಗೆದರೂ ನಿಲ್ಲುತ್ತೆ, ಹೋದ ಸದಸ್ಯದ ಭಾರ ಉಳಿದವುಗಳಿಗೆ ಹಂಚಿಕೆಯಾಗುತ್ತೆ. ಇದು ಇನ್‌ಡಿಟರ್ಮಿನೇಟ್.

ನಿಲ್ಲುತ್ತೆ ಅಂದ ಮಾತ್ರಕ್ಕೆ ಕ್ಷೇಮ ಅಂತಲ್ಲ. ಉಳಿದ ಸದಸ್ಯಗಳ ಮೇಲೆ ಈಗ ಅವುಗಳ ಡಿಸೈನಿನಲ್ಲಿ ಇಲ್ಲದ ಭಾರ ಬಿದ್ದಿರುತ್ತೆ. ಎಳೆತಕ್ಕೆ ಅಂತ ಹಾಕಿದ ತೆಳ್ಳನೆಯ ಸರಳಿಗೆ ಒತ್ತಡ ಬಂದರೆ ಅದು ಬಾಗಿಬಿಡುತ್ತೆ, ಸರಳು ಕೆಟ್ಟದ್ದು ಅಂತಲ್ಲ. ಆಂಡಿ ಬಾಗಿದ್ದು ಹೀಗೆ.

ಕನ್ನಡದಲ್ಲಿ ಡಿಟರ್ಮಿನೇಟ್ ಸೀರಿಯಲ್ಲಿಗೆ ಉದಾಹರಣೆ ಬೇಕಾದರೆ ಸಿಹಿ ಕಹಿ ಚಂದ್ರು ಅವರ ‘ಪಾಪ ಪಾಂಡು’ ನೋಡಿ. ಈಟಿವಿ ಕನ್ನಡದಲ್ಲಿ ಅದು ಬರ್ತಿದ್ದಾಗ ನಮಗಿನ್ನೂ ಟೀವಿ ನೋಡುವ ವಯಸ್ಸಲ್ಲ, ನಾವು ನೋಡಿದ್ದೆಲ್ಲ ಯೂಟ್ಯೂಬ್‌ನಲ್ಲಿ. ಶ್ರೀಮತಿ ಗದರಬೇಕು, ಪಾಂಡು ಗದರಿಸಿಕೊಳ್ಳಬೇಕು. ಸುತ್ತಲೂ ಎಷ್ಟೇ ಪಾತ್ರ ಇದ್ದರೂ ಭಾರವೆಲ್ಲ ಈ ಒಂದು ಜೋಡಿಯ ಮೇಲೆ. ಶಾಲಿನಿ ಗದರುವಾಗ ಆ ದನಿಯಲ್ಲಿ ನಿಜವಾದ ಸಿಟ್ಟೂ ಇರುತ್ತೆ, ಪ್ರೀತಿಯೂ ಇರುತ್ತೆ. ಚಿದಾನಂದ್ ಮುಖದಲ್ಲಿ ಹೆದರಿಕೆಯೂ ಇರುತ್ತೆ, "ಇವಳು ಗದರದಿದ್ದರೆ ನನಗೆ ದಿನ ಹೋಗಲ್ಲ" ಅನ್ನೋದೂ ಇರುತ್ತೆ. ಎಷ್ಟೋ ವರ್ಷ ಆದ ಮೇಲೆ ಕಲರ್ಸ್ ಸೂಪರ್‌ನಲ್ಲಿ ಆ ಸೀರಿಯಲ್ ಮತ್ತೆ ಬಂದಾಗ ಅದೇ ಇಬ್ಬರನ್ನೂ ಕರೆತಂದರು. ಬೇರೆ ದಾರಿ ಇರಲಿಲ್ಲ ಅಂತ ನಮ್ಮ ಲೆಕ್ಕ. ತ್ರಿಕೋನದಲ್ಲಿ ಸರಳು ಬದಲಾಯಿಸೋಕಾಗಲ್ಲ.

ವರಲಕ್ಷ್ಮಿ

‘ಮಜಾ ಟಾಕೀಸ್’ ಪಕ್ಕಾ ಸಿಟ್‌ಕಾಮ್ ಅಲ್ಲ. ಅರ್ಧ ಟಾಕ್ ಶೋ, ಅರ್ಧ ಸ್ಕಿಟ್. ಆದರೆ ಒಂದೇ ಮನೆ, ಅದೇ ಪಾತ್ರಗಳು, ವಾರವಾರ ಹೊಸ ಗಲಾಟೆ ಅನ್ನೋ ಚೌಕಟ್ಟು ಸಿಟ್‌ಕಾಮಿನದ್ದೇ. 2015ರಲ್ಲಿ ಸೃಜನ್ ಲೋಕೇಶ್ ಶುರು ಮಾಡಿದಾಗ ಅದರಲ್ಲಿ ವರಲಕ್ಷ್ಮಿಯಾಗಿ ಬಂದವರು ಅಪರ್ಣಾ.

ಟ್ರಸ್ಸಿನ ಲೆಕ್ಕದಲ್ಲಿ ನೋಡಿದರೆ ಮಜಾ ಟಾಕೀಸ್ ಗಟ್ಟಿ. ಸೃಜನ್ ಇದ್ದಾರೆ, ಕುರಿ ಪ್ರತಾಪ್ ಇದ್ದಾರೆ, ಬ್ಯಾಂಡ್ ಇದೆ, ಪ್ರತಿ ವಾರ ಅತಿಥಿ ಬರ್ತಾರೆ. ಹೆಚ್ಚುವರಿ ಸದಸ್ಯಗಳು ಬೇಕಾದಷ್ಟು. ಹಾಗಿದ್ದೂ ಮನೆಯವರು "ವರಲಕ್ಷ್ಮಿ ಇಲ್ಲ" ಅಂತ ಯಾಕೆ ಅನ್ನಬೇಕು? ಇದಕ್ಕೆ ನಾವು ಬಹಳ ದಿನ ತಲೆ ಕೆಡಿಸಿಕೊಂಡೆವು.

ನಮ್ಮ ವಯಸ್ಸಿನವರಿಗೆ ಅಪರ್ಣಾ ಅಂದರೆ ಮೊದಲು ವರಲಕ್ಷ್ಮಿ, ಆಮೇಲೆ ಬೆಂಗಳೂರು ಮೆಟ್ರೋದಲ್ಲಿ ಮುಂದಿನ ನಿಲ್ದಾಣ ಹೇಳುವ ದನಿ. ನಮ್ಮ ತಂದೆ-ತಾಯಿಗೆ ಹಾಗಲ್ಲ. ಅವರಿಗೆ ಅಪರ್ಣಾ ಅಂದರೆ ದೂರದರ್ಶನ ಚಂದನ. ದೊಡ್ಡ ಸಮಾರಂಭಗಳ ನಿರೂಪಣೆ. ಒಂದು ಅಕ್ಷರ ಜಾರದ, ಒಂದು ಇಂಗ್ಲಿಷ್ ಪದ ಬೆರೆಯದ ಕನ್ನಡ. ಪುಟ್ಟಣ್ಣ ಕಣಗಾಲ್ ಅವರ ಕೊನೆಯ ಚಿತ್ರ ‘ಮಸಣದ ಹೂವು’ ಮೂಲಕ ಬಂದವರು. ಮೂವತ್ತು ವರ್ಷ ಕರ್ನಾಟಕ ಅವರನ್ನು ಗಾಂಭೀರ್ಯ ಅನ್ನೋ ಪದಕ್ಕೆ ಚಿತ್ರದ ಹಾಗೆ ನೋಡಿತ್ತು. ಅಂಥವರು ಒಂದು ದಿನ ಜರ್ಬಾಗಿ ಅಲಂಕಾರ ಮಾಡಿಕೊಂಡು, ಬೆಪ್ಪುತನ ಮತ್ತು ಜಂಬ ಎರಡನ್ನೂ ಹೊತ್ತುಕೊಂಡು, ತಾನು "ಒನ್ ಆಂಡ್ ಓನ್ಲಿ ವರಲಕ್ಷ್ಮಿ" ಅಂತ ಕೊಚ್ಚಿಕೊಳ್ತಾ ಮನೆಯೊಳಗೆ ಬಂದರೆ?

ನಗು ಬರುತ್ತಿದ್ದದ್ದು ಸಾಲಿನಿಂದ ಅಷ್ಟೇ ಅಲ್ಲ, ಆ ಸಾಲಿಗೂ ಅದನ್ನು ಹೇಳುತ್ತಿರುವವರಿಗೂ ಇದ್ದ ಅಂತರದಿಂದ. ನೋಡುಗರ ತಲೆಯಲ್ಲಿ ಮೂವತ್ತು ವರ್ಷದ ಅಪರ್ಣಾ ಇದ್ದರು, ಪರದೆ ಮೇಲೆ ವರಲಕ್ಷ್ಮಿ ಇದ್ದಳು. ಎರಡರ ನಡುವಿನ ಪೊಟೆನ್ಷಿಯಲ್ ಡಿಫರೆನ್ಸ್ ಅಂತ ಬೇಕಾದರೆ ಕರೆಯಿರಿ, ಇಸಿಯವರಿಗೆ ಖುಷಿಯಾಗಲಿ. ವೋಲ್ಟೇಜು ಒಂದು ಬಿಂದುವಿನಲ್ಲಿ ಇರಲ್ಲ, ಎರಡರ ನಡುವೆ ಇರುತ್ತೆ.

2024ರ ಜುಲೈ 11ರಂದು ಅಪರ್ಣಾ ತೀರಿಕೊಂಡರು. 2025ರಲ್ಲಿ ಮಜಾ ಟಾಕೀಸ್ ಮತ್ತೆ ಶುರುವಾಯ್ತು. ಸೆಟ್ ಹಾಕಬಹುದು, ಸೀರೆ ತರಬಹುದು, ಅದೇ ಸಾಲುಗಳನ್ನು ಇನ್ನೊಬ್ಬರಿಗೆ ಬರೆದುಕೊಡಬಹುದು. ಮೂವತ್ತು ವರ್ಷದ ನಿರೂಪಣೆಯನ್ನು ಬರೆದುಕೊಡೋಕೆ ಆಗಲ್ಲ. ಇನ್ನೊಬ್ಬ ಕಾಮಿಡಿ ನಟಿ ಬಂದು ವರಲಕ್ಷ್ಮಿಯ ಹಾಗೆ ಜಂಬ ಕೊಚ್ಚಿದರೆ ಅದು ಜಂಬದ ಹೆಂಗಸಿನ ಪಾತ್ರ ಆಗುತ್ತೆ, ಎಷ್ಟೇ ಚೆನ್ನಾಗಿ ಮಾಡಿದರೂ. ಹಾಗಾಗಿ ಇಲ್ಲಿ ಕೊರತೆ ಕಾಣೋದು ನಟನೆಯಲ್ಲಿ ಅಲ್ಲ. ನೋಡುಗರು ಮನೆಯಿಂದ ತರುತ್ತಿದ್ದ ನೆನಪಿಗೆ ಈಗ ಆ ವೇದಿಕೆ ಮೇಲೆ ಜಾಗ ಇಲ್ಲ.

ಇದನ್ನೇ ಸ್ವಲ್ಪ ಹಿಗ್ಗಿಸಿದರೆ ಸಿಟ್‌ಕಾಮಿನ ಒಂದು ವಿಚಿತ್ರ ಹೊಳೆಯುತ್ತೆ. ಸಿನಿಮಾದಲ್ಲಿ ಪಾತ್ರವನ್ನು ಎರಡೂವರೆ ಗಂಟೆ ನೋಡ್ತೀವಿ. ಸಿಟ್‌ಕಾಮ್ ಪಾತ್ರ ವರ್ಷಗಟ್ಟಲೆ ನಮ್ಮ ಊಟದ ಹೊತ್ತಿಗೆ ಮನೆಗೆ ಬರುತ್ತೆ. ಪಾತ್ರ ಯಾವುದು, ಮುಖ ಯಾವುದು ಅನ್ನೋದು ಬೇರೆ ಮಾಡೋಕೆ ಆಗದಷ್ಟು ಅಂಟಿಕೊಂಡಿರುತ್ತೆ.

ನಮ್ಮ ಕಡೆಯ ನಾಟಕದಲ್ಲಿ ಹೀಗೆ ಆಗಲ್ಲ

ಈಗ ಒಂದು ಎದುರು ಉದಾಹರಣೆ, ನಮ್ಮ ಜಿಲ್ಲೆಯದ್ದೇ.

ಸಂಡೂರು, ಕಂಪ್ಲಿ ಕಡೆಯ ಹಳ್ಳಿಗಳಿಂದ ಬರುವ ಕ್ಲಾಸ್‌ಮೇಟ್‌ಗಳಿಗೆ ಇದನ್ನು ಹೇಳಬೇಕಾಗಿಲ್ಲ. ಜಾತ್ರೆ, ಹಬ್ಬ ಬಂತು ಅಂದರೆ ಊರಿನವರೇ ಸೇರಿ ನಾಟಕ ಆಡ್ತಾರೆ. ಗಂಡು ಪಾತ್ರಕ್ಕೆ ಊರ ಹುಡುಗರು, ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಕರೆಸಿದ ಕಲಾವಿದೆಯರು. ಬಸ್ ಸ್ಟ್ಯಾಂಡಿನಲ್ಲಿ ಅವರ ಫೋಟೋ ಹಾಕಿದ ಬ್ಯಾನರ್ ನೋಡಿರ್ತೀರಿ. ಕಂದಗಲ್ ಹನುಮಂತರಾಯರ ‘ರಕ್ತರಾತ್ರಿ’ ಇವತ್ತು ಈ ಊರಲ್ಲಿ, ನಾಳೆ ಆ ಊರಲ್ಲಿ. ದ್ರೌಪದಿ ಪಾತ್ರದವರು ಸಂಜೆ ಬಂದಿಳಿದು, ಹಾರ್ಮೋನಿಯಂ ಮಾಸ್ಟರ್ ಜೊತೆ ಶ್ರುತಿ ನೋಡಿಕೊಂಡು, ರಾತ್ರಿ ರಂಗದ ಮೇಲೆ ನಿಲ್ತಾರೆ, ಬೆಳಗಿನ ಜಾವದವರೆಗೆ. ಎದುರಿಗಿರೋ ಪಾತ್ರಧಾರಿಯ ಮುಖವನ್ನು ಮೊದಲ ಸಲ ನೋಡಿರ್ತಾರೆ.

ಮುಂದಿನ ವರ್ಷ ದ್ರೌಪದಿಗೆ ಬೇರೆ ಕಲಾವಿದೆ ಬಂದರೆ ನಾಟಕ ಸೊರಗುತ್ತಾ? ಇಲ್ಲ. "ಹೋದ ವರ್ಷದಾಕಿ ಚಲೋ ಹಾಡ್ತಿದ್ಲು" ಅಂತ ಕಟ್ಟೆ ಮೇಲೆ ಮಾತಾಗುತ್ತೆ, ಅಷ್ಟೆ. ಯಾಕಂದರೆ ದ್ರೌಪದಿ ಆ ನಟಿಗಿಂತ ಮುಂಚೆಯೇ ಇದ್ದಳು, ಊರಿಗೆಲ್ಲ ಗೊತ್ತಿದ್ದಳು. ನಟಿ ಪಾತ್ರದೊಳಗೆ ಬಂದು ಹೋಗ್ತಾರೆ. ಮೆಕ್ಯಾನಿಕಲ್‌ನವರ ಭಾಷೆಯಲ್ಲಿ ಇದು ಸ್ಟ್ಯಾಂಡರ್ಡ್ ಬೋಲ್ಟು. ಸೈಜು, ಪಿಚ್ಚು ಎಲ್ಲ ನಿಗದಿ, ಹೊಸಪೇಟೆಯಲ್ಲಿ ಕೊಂಡರೂ ಒಂದೇ ಬೆಂಗಳೂರಲ್ಲಿ ಕೊಂಡರೂ ಒಂದೇ. ಮೈಕಲ್ ಸ್ಕಾಟ್, ವರಲಕ್ಷ್ಮಿ ಇವರೆಲ್ಲ ಒಂದೇ ಮಷಿನಿಗೆ ಅಂತ ಲೇತ್ ಮೇಲೆ ತಿರುವಿ ಮಾಡಿದ ಪಾರ್ಟು. ಹೋಲಿಕೆ ಕಲಾವಿದರಿಗೆ ಒರಟಾಯ್ತು, ಗೊತ್ತು. ಬಳ್ಳಾರಿಯ ಸುಭದ್ರಮ್ಮ ಮನ್ಸೂರು ಅವರಂಥವರನ್ನು ಬೋಲ್ಟು ಅನ್ನೋಕಾಗುತ್ತಾ? ಬೋಲ್ಟು ಅಂದಿದ್ದು ಪಾತ್ರವನ್ನು, ಅವರನ್ನಲ್ಲ.

ಇನ್ನೊಂದು ಉದಾಹರಣೆ ಇನ್ನೂ ಹತ್ತಿರದ್ದು. ಹೊಸಪೇಟೆಯಿಂದ ಸ್ವಲ್ಪ ದೂರದ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಅವರ ಹೆಸರು ಎಲ್ಲರಿಗೂ ಗೊತ್ತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅವರು ಜೋಗತಿ ನೃತ್ಯ ಕಲಿತದ್ದು ಕಾಳವ್ವ ಜೋಗತಿ ಅವರ ಹತ್ತಿರ. ಆ ತಂಡದ ಮುಖ ಕಾಳವ್ವನವರೇ ಆಗಿದ್ದರು. ಅವರು ತೀರಿಕೊಂಡ ಮೇಲೆ ತಂಡ ನಿಲ್ಲಲಿಲ್ಲ, ಮಂಜಮ್ಮ ಮುನ್ನಡೆಸಿದರು, ಮೊದಲಿಗಿಂತ ದೂರಕ್ಕೆ ಹೋಯ್ತು. ಕಥೆ ಯಲ್ಲಮ್ಮನದು, ಅದು ಯಾರ ಜೊತೆಗೂ ಹೋಗುವಂಥದ್ದಲ್ಲ ಅನ್ನೋದು ಒಂದು. ಇನ್ನೊಂದು, ಮುಖ್ಯ ಕಲಾವಿದೆ ಇದ್ದಾಗಲೇ ಮುಂದಿನವರು ಪಕ್ಕದಲ್ಲಿ ಕುಣಿಯುತ್ತಿದ್ದರು. ಟೀವಿಯಲ್ಲಿ ಇದು ನಡೆಯಲ್ಲ. ಸ್ಟಾರ್ ಕಾಂಟ್ರ್ಯಾಕ್ಟ್ ಮುಗಿದ ಮೇಲೆ ಹುಡುಕಾಟ ಶುರು ಮಾಡ್ತಾರೆ.

ಕಂಪನಿ ನಾಟಕದಲ್ಲಿ ಹಿರಣ್ಣಯ್ಯನವರದ್ದು ಮೂರನೇ ದಾರಿ. ಅಲ್ಲಿ ಪುರಾಣದ ಆಸರೆಯೂ ಇಲ್ಲ, ಮಾತೇ ಬಂಡವಾಳ. 1953ರಲ್ಲಿ ಕೆ. ಹಿರಣ್ಣಯ್ಯ ತೀರಿಕೊಂಡಾಗ ಮಗನಿಗೆ 19 ವರ್ಷ. ನಮ್ಮದೇ ವಯಸ್ಸು! ನಮಗೆ ಇಂಟರ್ನಲ್ಸ್ ಬರೆಯೋಕೇ ಕೈ ನಡುಗುತ್ತೆ. ಆ ಮಗ ಮಾಸ್ಟರ್ ಹಿರಣ್ಣಯ್ಯ ಆದರು, ಹಿರಣ್ಣಯ್ಯ ಮಿತ್ರ ಮಂಡಳಿಯನ್ನು ಮುಂದುವರೆಸಿದರು. ಆದರೆ ಅಪ್ಪನ ನಕಲು ಮಾಡಿಕೊಂಡು ಕೂರಲಿಲ್ಲ. ‘ಲಂಚಾವತಾರ’ದಲ್ಲಿ ಅಂದಂದಿನ ರಾಜಕೀಯವನ್ನು ರಂಗದ ಮೇಲೇ ಎಳೆದು ತಂದು ಬೈದರು. ಅಪ್ಪನ ಹೆಸರು ಇಟ್ಟುಕೊಂಡು ಕೆಲಸ ಬೇರೆ ಮಾಡಿದರು.

19ನೇ ಗೇಟು

ಹೊಸಬರನ್ನು ಹಳಬರ ಜಾಗಕ್ಕೆ ಹಾಕೋದರಲ್ಲಿ ಏನು ಆಗುತ್ತೆ ಅನ್ನೋದನ್ನು ತುಂಗಭದ್ರಾ ಡ್ಯಾಂ ನಮಗೆ ಕಣ್ಣೆದುರೇ ತೋರಿಸಿದೆ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೇದರ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯ್ತು. ಆಮೇಲೆ ಮೊದಲು ಮಾಡಿದ್ದು ಉಳಿದ ಗೇಟುಗಳನ್ನು ತೆರೆದಿದ್ದು, ಒಂದೇ ಕಡೆ ಒತ್ತಡ ಬೀಳದಿರಲಿ ಅಂತ. ಹತ್ತಾರು ಟಿಎಂಸಿ ನೀರು ನದಿಗೆ ಹೋಯ್ತು. ಕಂಪ್ಲಿ ಕಡೆ ಭತ್ತ ಬೆಳೆಯುವ ಮನೆಗಳಲ್ಲಿ ಆ ವಾರ ಯಾರಿಗೂ ಸರಿಯಾಗಿ ನಿದ್ದೆ ಇರಲಿಲ್ಲ. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಒಂದು ವಾರದಲ್ಲಿ, ನೀರು ಹರಿಯುತ್ತಿರುವಾಗಲೇ, ಸ್ಟಾಪ್‌ಲಾಗ್ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಮುಚ್ಚಿದರು. ಎಂಜಿನಿಯರಿಂಗ್ ಓದೋ ಯಾರಿಗಾದರೂ ಮೈ ಜುಮ್ಮೆನ್ನುವ ಕೆಲಸ.

ಆದರೆ ಸ್ಟಾಪ್‌ಲಾಗ್ ಗೇಟಲ್ಲ. ಗೇಟನ್ನು ಏರಿಸ್ತೀವಿ, ಇಳಿಸ್ತೀವಿ, ಬೇಕಾದಷ್ಟು ಬಿಡ್ತೀವಿ. ಸ್ಟಾಪ್‌ಲಾಗ್ ಅಡ್ಡ ನಿಂತು ನೀರು ತಡೆಯುತ್ತೆ. ಮರುವರ್ಷ, 2025ರಲ್ಲಿ, ಗೇಟುಗಳ ಸ್ಥಿತಿ ನೋಡಿ ಡ್ಯಾಂ ಅನ್ನು ಪೂರ್ತಿ 105 ಟಿಎಂಸಿಗೆ ತುಂಬಿಸದೆ 80ಕ್ಕೇ ನಿಲ್ಲಿಸಿದರು.

ಲೀಡ್ ನಟ ಹೋದ ಸೀರಿಯಲ್ ನಿಂತುಹೋಗದೆ ನಡೆಯುತ್ತೆ ಅಂದರೆ ಹೆಚ್ಚಾಗಿ ಅದು 80 ಟಿಎಂಸಿಯ ಸೀರಿಯಲ್. ‘ತಾರಕ್ ಮೆಹ್ತಾ ಕಾ ಉಲ್ಟಾ ಚಶ್ಮಾ’ ನೋಡಿ. ದಯಾಬೆನ್ ಆಗಿದ್ದ ದಿಶಾ ವಕಾನಿ 2017ರಲ್ಲಿ ರಜೆ ಮೇಲೆ ಹೋದವರು ಮತ್ತೆ ಮೊದಲಿನ ಹಾಗೆ ಬರಲೇ ಇಲ್ಲ. ಸೀರಿಯಲ್ ಮಾತ್ರ 4,000 ಎಪಿಸೋಡ್ ದಾಟಿದೆ. ಗೋಕುಲ್‌ಧಾಮ್ ಸೊಸೈಟಿಯಲ್ಲಿ ಮನೆಗಳು ಅಷ್ಟಿವೆ, ಸದಸ್ಯಗಳು ಅಷ್ಟಿವೆ, ಬೀಳಲ್ಲ. ಆದರೆ ವರ್ಷಗಟ್ಟಲೆ ದಯಾ ಇವತ್ತು ಬರ್ತಾಳೆ, ನಾಳೆ ಬರ್ತಾಳೆ ಅಂತ ಜಾಗ ಖಾಲಿ ಇಟ್ಟರು. ಗೇಟೂ ಇಲ್ಲ, ಸ್ಟಾಪ್‌ಲಾಗೂ ಇಲ್ಲ. ನಮ್ಮ ಮಟ್ಟಿಗೆ ಇದು ಎಲ್ಲಕ್ಕಿಂತ ಕೆಟ್ಟ ದಾರಿ. ಯಾಕಂದರೆ ಆ ಖಾಲಿ ಜಾಗವನ್ನು ಪ್ರತಿ ಎಪಿಸೋಡೂ ಬೆರಳು ಮಾಡಿ ತೋರಿಸುತ್ತಿತ್ತು.

ಪೂರ್ತಿ ತುಂಬಿದ ಡ್ಯಾಂ ಅಂದರೆ ಅಮೆರಿಕದ ‘ಚಿಯರ್ಸ್’. 1987ರಲ್ಲಿ, ಐದು ಸೀಸನ್ ಆದ ಮೇಲೆ, ಡಯಾನ್ ಪಾತ್ರದ ಶೆಲ್ಲಿ ಲಾಂಗ್ ಬಿಟ್ಟರು. ಡಯಾನ್ ಪುಸ್ತಕ ಓದಿ ಬೀಗುವ ವೇಟ್ರೆಸ್, ಸ್ಯಾಮ್ ಆ ಬಾರಿನ ಮಾಲೀಕ, ಇಬ್ಬರ ಜಗಳವೇ ಸೀರಿಯಲ್. ಬರಹಗಾರರು ಇನ್ನೊಬ್ಬ ಡಯಾನ್ ಹುಡುಕಲಿಲ್ಲ. ಕರ್ಸ್ಟಿ ಆಲಿಯವರನ್ನು ರೆಬೆಕಾ ಮಾಡಿ ಬಾರಿಗೆ ಮ್ಯಾನೇಜರ್ ಆಗಿ ತಂದರು. ಅಂದರೆ ಸ್ಯಾಮ್ ಈಗ ಅವಳ ಕೈಕೆಳಗೆ! ಹೊಸ ನಟಿ, ಹೊಸ ಪಾತ್ರ, ಮತ್ತು ಮುಖ್ಯವಾಗಿ, ಹಳೆಯ ಪಾತ್ರಗಳ ನಡುವೆಯೂ ಹೊಸ ಸಂಬಂಧ. ಸೀರಿಯಲ್ 1993ರವರೆಗೆ, ಇನ್ನೂ ಆರು ಸೀಸನ್ ನಡೀತು.

ನಮ್ಮ ವಾರ್ಡನ್ ಮಾಮ

ಈಗ ಅರ್ಜೆಂಟು ಯಾಕೆ ಅನ್ನೋದು. ನಮ್ಮ ಕ್ಲಬ್ಬಿನ ‘ವಾರ್ಡನ್ ಮಾಮ’ ಸ್ಕಿಟ್ ಕಳೆದ ಮೂರು ವರ್ಷದಿಂದ ರಾಜ್ಯೋತ್ಸವಕ್ಕೂ ಆನ್ಯುಯಲ್ ಡೇಗೂ ನಡೀತಿದೆ. ಕನ್ನಡ ಕ್ಲಬ್ ಅಂದರೆ ಮೂಗು ಮುರಿಯೋರೂ ಅದನ್ನು ನೋಡೋಕೆ ಬಂದು ಆಡಿಟೋರಿಯಂನಲ್ಲಿ ಮೆಟ್ಟಿಲ ಮೇಲೆ ಕೂತಿದ್ದರು. ಈ ವರ್ಷ ಕ್ಲಬ್ಬಿಗೆ ಸೇರಿದ ಫಸ್ಟ್ ಇಯರ್‌ನವರಲ್ಲಿ ಅರ್ಧ ಜನ "ವಾರ್ಡನ್ ಮಾಮ ವಿಡಿಯೋ ನೋಡಿ ಬಂದ್ವಿ" ಅಂದರು. ಆ ವಾರ್ಡನ್ ಮಾಮ ಆಗುತ್ತಿದ್ದ ಸೀನಿಯರ್ ಅಣ್ಣ ಈಗ ಪಾಸಾಗಿ ಬೆಂಗಳೂರಿಗೆ ಕೆಲಸಕ್ಕೆ ಹೋದರು. ಸ್ಕಿಟ್ ಬಿದ್ದರೆ ಕ್ಲಬ್ಬಿಗೆ ಜನ ಬರೋದು ನಿಲ್ಲುತ್ತೆ. ಇದರಲ್ಲಿ ಉತ್ಪ್ರೇಕ್ಷೆ ಇಲ್ಲ, ಕವಿಗೋಷ್ಠಿಗೆ ಎಷ್ಟು ಜನ ಬಂದಿದ್ದರು ಅಂತ ನಿಮಗೂ ಗೊತ್ತು.

ಮೀಟಿಂಗಿನಲ್ಲಿ ಮೊದಲು ಬಂದ ಸಲಹೆ, ಇನ್ನೊಬ್ಬನಿಗೆ ಅದೇ ಲುಂಗಿ, ಅದೇ ಸೀಟಿ ಕೊಡೋಣ ಅಂತ. ಎರಡನೇದು, ಮಾಮ ಊರಿಗೆ ಹೋಗಿದ್ದಾನೆ, ಫೋನಿನಲ್ಲಿ ದನಿ ಮಾತ್ರ ಬರಲಿ ಅಂತ. ಒಂದು ಸ್ಟಾಪ್‌ಲಾಗ್, ಇನ್ನೊಂದು ದಯಾಬೆನ್. ನಿಲ್ಲಿಸಿಬಿಡೋಣ ಅಂದವರೂ ಇದ್ದರು, ಬ್ರಿಟನ್ನಿನವರ ಹಾಗೆ.

ನಾವು ಕೂತು ಹಳೆಯ ಸ್ಕ್ರಿಪ್ಟುಗಳಲ್ಲಿ ಯಾರು ಏನು ಮಾಡ್ತಾರೆ ಅಂತ ಗುರುತು ಹಾಕಿದೆವು. ಆರು ಸ್ಕಿಟ್‌ಗಳಲ್ಲಿ ಐದರಲ್ಲಿ ಗಲಾಟೆ ಶುರು ಮಾಡೋದು ಮಾಮ. ರೂಮಿನ ಮೂರು ಹುಡುಗರೂ, ಮೆಸ್ಸಿನ ಭಟ್ಟರೂ ಬರೀ ತಲೆ ಚಚ್ಚಿಕೊಳ್ತಾರೆ. ಆರನೇದರಲ್ಲಿ ಮಾತ್ರ ಭಟ್ಟರು ಚಿತ್ರಾನ್ನ ಮಾಡಲ್ಲ ಅಂತ ಮುಷ್ಕರ ಹೂಡ್ತಾರೆ, ಮಾಮ ಪೇಚಿಗೆ ಸಿಕ್ಕಿಕೊಳ್ತಾನೆ. ವಿಡಿಯೋ ಮತ್ತೆ ಹಾಕಿ ನೋಡಿದರೆ ಅದರಲ್ಲೂ ನಗು ಕಡಿಮೆ ಇರಲಿಲ್ಲ. ಅಂದರೆ ನಮ್ಮ ಟ್ರಸ್ಸಿನಲ್ಲಿ ಇನ್ನೊಂದು ಕರ್ಣ ಇತ್ತು, ನಾವು ಅದರ ಮೇಲೆ ಭಾರ ಹಾಕಿಯೇ ಇರಲಿಲ್ಲ.

ಹಾಗಾಗಿ ಈ ನವೆಂಬರ್‌ಗೆ ವಾರ್ಡನ್ ಮಾಮ ಇಲ್ಲ. ಹೊಸದಾಗಿ ವರ್ಗವಾಗಿ ಬಂದ ವಾರ್ಡನ್ ಮೇಡಂ ಇರ್ತಾರೆ. ಮಾಮ ರೂಲ್ ಮುರಿದು ಸಿಕ್ಕಿಹಾಕಿಕೊಳ್ತಿದ್ದ, ಮೇಡಂ ಪ್ರತಿ ರೂಲನ್ನೂ ಪಾಲಿಸ್ತಾರೆ. ಗಲಾಟೆ ಮಾಡೋದು ಇನ್ನು ಹುಡುಗರು ಮತ್ತು ಭಟ್ಟರು, ಒತ್ತಡಕ್ಕೆ ತಾಳುವಷ್ಟು ದಪ್ಪವಾಗಿ ಅವರ ಪಾತ್ರಗಳನ್ನು ಈಗ ಮತ್ತೆ ಬರೀತಿದ್ದೀವಿ. ಭಟ್ಟರ ಪಾತ್ರದವರು ಫೈನಲ್ ಇಯರ್. ಅದಕ್ಕೆ ಅವರ ಪಕ್ಕದಲ್ಲಿ ಸೌಟು ಹಿಡಿದುಕೊಂಡು ನಿಲ್ಲುವ ಸಹಾಯಕನ ರೋಲ್ ಒಂದನ್ನು ಸೇರಿಸಿದ್ದೀವಿ, ಅದನ್ನು ಫಸ್ಟ್ ಇಯರ್‌ನವರಿಗೇ ಕೊಡಬೇಕು ಅಂತ ತೀರ್ಮಾನ.

ಸೀನಿಯರ್ ಅಣ್ಣನಿಗೆ ಫೋನ್ ಮಾಡಿ, ರಾಜ್ಯೋತ್ಸವಕ್ಕೆ ಬರ್ತೀರಲ್ಲ, ಕೊನೆಗೆ ಎರಡು ನಿಮಿಷ ಮಾಮ ಆಗಿ ಸ್ಟೇಜ್ ಮೇಲೆ ಬಂದು ಹೋಗಿ ಅಂತ ಕೇಳಿದೆವು. "ಬ್ಯಾಡ್ರೋ" ಅಂದರು. "ನಾ ಬಂದ್ರ ಜನ ಸೀಟಿ ಹೊಡೀತಾರ, ಆ ಮೇಡಂ ಪಾತ್ರದಾಕಿ ಇಪ್ಪತ್ತು ನಿಮಿಷ ಕಷ್ಟಪಟ್ಟು ಕಟ್ಟಿದ್ದು ಎರಡು ನಿಮಿಷದಾಗ ಹೊಕ್ಕೈತಿ. ನಾ ಕೆಳಗ ಕುಂತು ನೋಡ್ತೀನಿ." ಕರೆಲ್ ಕೂಡ ‘ದಿ ಆಫೀಸ್’ನ ಕಟ್ಟಕಡೆಯ ಎಪಿಸೋಡಿಗೆ ಬಂದಾಗ ಬೆರಳೆಣಿಕೆಯಷ್ಟು ಮಾತಾಡಿ ಸುಮ್ಮನಾಗಿದ್ದರು.

ಮೇಡಂ ರೋಲಿಗೆ ಇಬ್ಬರು ಹೆಸರು ಕೊಟ್ಟಿದ್ದಾರೆ, ಸಹಾಯಕನಿಗೆ ಇನ್ನೂ ಯಾರೂ ಕೊಟ್ಟಿಲ್ಲ. ಮಾತು ಕಡಿಮೆ, ಸೌಟು ನಾವೇ ಕೊಡ್ತೀವಿ. ಆಸಕ್ತಿ ಇದ್ದವರು ಶನಿವಾರ ಕ್ಲಾಸ್ ಮುಗಿದ ಮೇಲೆ ಆಡಿಟೋರಿಯಂ ಹಿಂದಿನ ರೂಮಿಗೆ ಬನ್ನಿ.